ಆಸ್ಪತ್ರೆ ಉಳಿದರೆ ಸಾಲದು, ದಾರಿಯೂ ಉಳಿಯಬೇಕು

ಮಾನ್ಯ ಸಂಪಾದಕರೇ,

ಪ್ರಕೃತಿ ವಿಕೋಪದ ಬಳಿಕ ಪ್ರಕಟವಾಗುವ ಸಾವಿನ ಲೆಕ್ಕದಲ್ಲಿ ಗೋಡೆಯಡಿ ಸಿಲುಕಿದವರು ಹಾಗೂ ನೀರಿನಲ್ಲಿ ಕೊಚ್ಚಿಹೋದವರು ಸೇರುತ್ತಾರೆ. ಡಯಾಲಿಸಿಸ್ ತಪ್ಪಿ, ಆಂಬುಲೆನ್ಸ್ ಬಾರದೆ, ಔಷಧ ಮುಗಿದು ವಾರಗಳ ನಂತರ ತೀರಿಕೊಂಡವರು ಹೆಚ್ಚಾಗಿ ಹೊರಗೇ ಉಳಿಯುತ್ತಾರೆ. 2017ರಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಅಲ್ಲಿನ ಸರ್ಕಾರ ಒಪ್ಪಿಕೊಂಡಿದ್ದ ಸಾವುಗಳು ಕೇವಲ 64. ಮರುವರ್ಷ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಹೊರಬಂದ ಮೇಲೆ ಅದೇ ಸರ್ಕಾರ ಆ ಸಂಖ್ಯೆಯನ್ನು 2,975ಕ್ಕೆ ಏರಿಸಬೇಕಾಯಿತು. ಮನೆಮನೆ ಸಮೀಕ್ಷೆ ನಡೆಸಿದ ಹಾರ್ವರ್ಡ್ ಸಂಶೋಧಕರ ತಂಡವಂತೂ, ಸಾವುಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಚಿಕಿತ್ಸೆ ತಡವಾದದ್ದು ಇಲ್ಲವೇ ಸಿಗದೇಹೋದದ್ದು ಕಾರಣವೆಂದು ಹೇಳಿತು.

ಇಂತಹ ಸಾವುಗಳನ್ನು ತಡೆಯುವ ಯೋಜನೆಗೆ ಹಾಸಿಗೆಗಳ ಪಟ್ಟಿಯಷ್ಟೇ ಆಧಾರವಾಗಬಾರದು, ಕಂಪ್ಯೂಟರ್ ಸಿಮ್ಯುಲೇಷನ್ ಕೂಡ ಬಳಕೆಗೆ ಬರಬೇಕು ಎಂಬುದು ನನ್ನ ವಿನಂತಿ. ರಸ್ತೆಗಳು, ಸೇತುವೆಗಳು, ವಿದ್ಯುತ್ ಜಾಲ, ಚಿಕಿತ್ಸಾ ಕೇಂದ್ರಗಳು ಮತ್ತು ಜನವಸತಿಯನ್ನು ಒಳಗೊಂಡ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಮ್ಮೆ ಈ ಸೇತುವೆಯನ್ನು, ಇನ್ನೊಮ್ಮೆ ಆ ವಿದ್ಯುತ್ ಉಪಕೇಂದ್ರವನ್ನು ಕೆಡವಿ, ಒಮ್ಮೆ ಹಗಲು, ಒಮ್ಮೆ ನಡುರಾತ್ರಿ ಎಂದುಕೊಂಡು ಸಾವಿರಾರು ಬಾರಿ ಓಡಿಸಿದರೆ, ಯಾವ ಊರಿನ ಅರ್ಧ ಗಂಟೆಯ ದಾರಿ ಐದು ಗಂಟೆಯದಾಗುತ್ತದೆ, ಯಾವ ಆಸ್ಪತ್ರೆಯ ಬಾಗಿಲಲ್ಲಿ ಎಷ್ಟು ಉದ್ದದ ಸಾಲು ಬೆಳೆಯುತ್ತದೆ ಎಂಬುದು ವಿಕೋಪಕ್ಕೆ ಮೊದಲೇ ಗೊತ್ತಾಗುತ್ತದೆ. ಸಂಚಾರಿ ಚಿಕಿತ್ಸಾಲಯವನ್ನು ಎಲ್ಲಿ ನಿಲ್ಲಿಸಬೇಕು, ಯಾವ ರಸ್ತೆಯನ್ನು ಮೊದಲು ತೆರವುಗೊಳಿಸಬೇಕು ಎಂಬ ನಿರ್ಧಾರಗಳನ್ನು ಗಲಿಬಿಲಿಯ ನಡುವೆ ಊಹೆಯ ಮೇಲೆ ಕೈಗೊಳ್ಳುವ ಪ್ರಮೇಯ ಆಗ ಕಡಿಮೆಯಾಗುತ್ತದೆ.

ಆದರೆ ಮಾದರಿಗೆ ಏನನ್ನು ಹೇಳಿಲ್ಲವೋ ಅದು ಅದಕ್ಕೆ ತಿಳಿಯದು. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಕಟ್ಟಡ ಗಟ್ಟಿಯಾಗಿಯೇ ನಿಂತಿತ್ತು, ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು; ಅವುಗಳಿಗೆ ಇಂಧನ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿದವು. ಇಂಧನವನ್ನು ಮೆಟ್ಟಿಲುಗಳ ಮೇಲೆ ಕೈಯಿಂದ ಕೈಗೆ ಸಾಗಿಸಬೇಕಾಯಿತು, ಕೊನೆಗೆ ರೋಗಿಗಳನ್ನೇ ಸ್ಥಳಾಂತರಿಸಬೇಕಾಯಿತು. ಆಸ್ಪತ್ರೆಯನ್ನು ನಕ್ಷೆಯ ಮೇಲಿನ ಒಂದು ಚುಕ್ಕೆಯಾಗಿ ಕಾಣುವ ಮಾದರಿಯಲ್ಲಿ ಆ ಪಂಪುಗಳಿಗೆ ಜಾಗವೇ ಇರುವುದಿಲ್ಲ.

ರೋಗಿಗಳ ವಿಷಯದಲ್ಲೂ ಇದೇ ಲೋಪ ಕಾಣುತ್ತದೆ. ಗಾಯಾಳುಗಳ ಸಂಖ್ಯೆಯನ್ನು ಅಂದಾಜಿಸುವುದು ಸುಲಭವೆಂದು ಅದಕ್ಕಷ್ಟೇ ಗಮನ ಕೊಟ್ಟರೆ, ವಾರಕ್ಕೆ ಮೂರು ಬಾರಿ ಡಯಾಲಿಸಿಸ್‌ಗೆ ಹೋಗಲೇಬೇಕಾದವರು, ಇನ್ಸುಲಿನ್ ತಂಪಾಗಿಡಲು ವಿದ್ಯುತ್ತನ್ನು ನಂಬಿದವರು, ದಿನ ತುಂಬಿದ ಗರ್ಭಿಣಿಯರು ಲೆಕ್ಕ ತಪ್ಪಿಹೋಗುತ್ತಾರೆ. ಎಲ್ಲರ ಬಳಿಯೂ ವಾಹನವಿದೆ, ಎಲ್ಲರೂ ಹತ್ತಿರದ ಆಸ್ಪತ್ರೆಗೇ ಹೋಗುತ್ತಾರೆ ಎಂಬ ಊಹೆಯೂ ಅಪಾಯಕಾರಿ, ಏಕೆಂದರೆ ಆತಂಕದಲ್ಲಿರುವವರು ತಮಗೆ ಪರಿಚಯವಿರುವ ಆಸ್ಪತ್ರೆಯನ್ನೇ ಹುಡುಕಿಕೊಂಡು ಹೋಗುವುದುಂಟು. ಪರದೆಯ ಮೇಲಿನ ಬಣ್ಣಬಣ್ಣದ ನಕ್ಷೆಗೆ ಇಂತಹ ಊಹೆಗಳನ್ನು ಮರೆಮಾಚುವ ಗುಣವಿದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಆದ್ದರಿಂದ ಇಂತಹ ಮಾದರಿಗಳನ್ನು ರೂಪಿಸುವ ಸಂಸ್ಥೆಗಳು ತಮ್ಮ ಊಹೆಗಳನ್ನು ಫಲಿತಾಂಶದ ಜೊತೆಗೇ ಬಹಿರಂಗಪಡಿಸಬೇಕು; ಆಂಬುಲೆನ್ಸ್ ಚಾಲಕರು, ದಾದಿಯರು, ಔಷಧ ಉಗ್ರಾಣದವರನ್ನು ಕೂರಿಸಿಕೊಂಡು ಅವುಗಳನ್ನು ಪರೀಕ್ಷೆಗೊಡ್ಡಬೇಕು; ಹೊಸ ಸೇತುವೆ ಬಂದಾಗ ಅಥವಾ ಹಳೆಯ ಚಿಕಿತ್ಸಾ ಕೇಂದ್ರ ಮುಚ್ಚಿದಾಗ ಲೆಕ್ಕವನ್ನು ಮತ್ತೆ ಹಾಕಬೇಕು.

ಇಂತಿ,
ಓರ್ವ ಓದುಗ