ಪಿಂಚಣಿ ಬರುವವರಿಗೆ ಬಾಡಿಗೆ ಮನೆ ಇಲ್ಲವೇ?

ಮಾನ್ಯ ಸಂಪಾದಕರೇ,

ಚಿಕ್ಕಮ್ಮನಿಗೆ ಮನೆ ಹುಡುಕುತ್ತಾ ಮೂರು ಭಾನುವಾರ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಎಲ್ಲಾ ಸುತ್ತಿದೆ. ಚಿಕ್ಕಪ್ಪ ತೀರಿಕೊಂಡಿದ್ದಾರೆ. ಚಿಕ್ಕಮ್ಮ ಎರಡು ಮನೆಯಲ್ಲಿ ಅಡುಗೆ ಮಾಡುತ್ತಾರೆ. ಜೊತೆಗೆ ವಿಧವಾ ವೇತನ 800 ರೂಪಾಯಿ, ಗೃಹಲಕ್ಷ್ಮಿಯ 2,000 ರೂಪಾಯಿ. ಇದನ್ನು ಕೇಳಿದ ಮಾಲೀಕರೊಬ್ಬರು, ‘ಸರ್ಕಾರದ ದುಡ್ಡು ನಂಬಿಕೊಂಡಿರೋರಿಗೆ ಮನೆ ಕೊಡಲ್ಲಮ್ಮ’ ಅಂದರು. ಚಿಕ್ಕಮ್ಮ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಮುಂದೆ ಹಿಡಿದರು. ಅವರು ನೋಡಲೂ ಇಲ್ಲ. ಹಳೆಯ ಮನೆಯಲ್ಲಿ 9 ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಅದನ್ನು ಯಾರೂ ಕೇಳಲೇ ಇಲ್ಲ.

ಗೃಹಲಕ್ಷ್ಮಿ ಹಣ ಕೆಲವು ಸಲ ತಡವಾಗುತ್ತದೆ, ನಿಜ. ಆದರೆ ಸಂಬಳವೂ ತಡವಾಗುತ್ತದೆ, ಅಲ್ವಾ? ಅಡ್ವಾನ್ಸ್ ಅಂತ 10 ತಿಂಗಳ ಬಾಡಿಗೆ ಕೇಳುವವರಿಗೆ ಭಯ ಯಾಕೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಂತೂ ವಾಸದ ಮನೆಗೆ 2 ತಿಂಗಳಿಗಿಂತ ಜಾಸ್ತಿ ಬೇಡ ಅನ್ನುತ್ತದೆ.

ಇನ್ನೊಬ್ಬರು ಮನೆ ಕೊಡಲು ಒಪ್ಪಿದರು, ಕರಾರು ಪತ್ರ ಮಾತ್ರ ಮಾಡಲ್ಲ ಅಂದರು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ಆ ಮನೆಯಲ್ಲಿದ್ದೇವೆ ಅನ್ನುವುದಕ್ಕೆ ದಾಖಲೆ ಬೇಡವೇ? ಹೊಸದಾಗಿ ಬಂದವರು ಕರಾರು ಪತ್ರವಿಲ್ಲದೆ ಏನು ತೋರಿಸಬೇಕು?

ಪಿಂಚಣಿ, ಸಹಾಯಧನದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ತಡೆಯಲು ರಾಜ್ಯ ಸರ್ಕಾರ ನಿಯಮ ತರಲಿ. ಕರಾರು ಪತ್ರವನ್ನು ಕಡ್ಡಾಯವಾಗಿ ಮಾಡಿಸಲಿ. ಚಿಕ್ಕಮ್ಮ ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ನಾವಿನ್ನೂ ಹುಡುಕುತ್ತಿದ್ದೇವೆ.

– ಓದುಗರೊಬ್ಬರು, ಬೆಂಗಳೂರು