ಮಡಚುವ ಮಂಚದ ಮೇಲಿನ ಅಂಗಡಿ

ಚಿ. ಶ್ರುತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕೆಲಸ ಬಿಟ್ಟು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ದೋಸೆ ಅಂಗಡಿ ಇಡಬೇಕು ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಆದರೆ ಉಳಿತಾಯವನ್ನೆಲ್ಲ ಮೊದಲು ಯಾರೋ ಪರಿಚಯದವರ ಫಂಡಿಗೆ ಹಾಕಿದರೆ ಎರಡು ವರ್ಷದಲ್ಲಿ ಮೂರು ಪಟ್ಟಾಗುತ್ತದಂತೆ, ಆಮೇಲೆ ದೊಡ್ಡದಾಗಿ ಶುರು ಮಾಡುತ್ತೇನೆ ಅಂದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಟೀ ರಫ್ತಿನ ಕೆಲಸಕ್ಕೆ ನಾನು ವಾರ್ಸಾಗೆ ಹೋದದ್ದು 1990ರ ಫೆಬ್ರವರಿಯಲ್ಲಿ. ಕಮ್ಯುನಿಸ್ಟರ ಆಡಳಿತ ಆಗಷ್ಟೇ ಮುಗಿದು, ಹಣಕಾಸು ಮಂತ್ರಿ ಬಾಲ್ಸೆರೊವಿಚ್ ಅವರ ಮುಕ್ತ ಮಾರುಕಟ್ಟೆಯ ಯೋಜನೆ ಜನವರಿ 1ಕ್ಕೆ ಜಾರಿಯಾಗಿತ್ತು. ಹೆಚ್ಚಿನ ಸಾಮಾನಿಗೆ ಸರ್ಕಾರ ಬೆಲೆ ಕಟ್ಟುವುದನ್ನು ಬಿಟ್ಟಿತ್ತು. ಅಂಗಡಿಗೆ ಸರಕು ಬಂತು, ಜನರ ಕೈಯಲ್ಲಿ ಕಾಸಿರಲಿಲ್ಲ. ಒಂದು ಡಾಲರಿಗೆ ಅಲ್ಲಿನ ಹಣ 9,500 ಜ್ಲಾಟಿ! ರೈತರು ಲಾರಿಯ ಹಿಂಬದಿಯಿಂದಲೇ ಮಾಂಸ ಮಾರುತ್ತಿದ್ದರು. ನಮ್ಮ ಟ್ರಾಮ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಮಡಚುವ ಮಂಚ ಬಿಡಿಸಿ, ಪ್ಲಾಸ್ಟಿಕ್ ಹಾಸಿ, ಸೋಪು, ಕಾಲುಚೀಲ, ಬಾಳೆಹಣ್ಣು ಜೋಡಿಸುತ್ತಿದ್ದರು. ಉಣ್ಣೆಯ ಕೈಗವಸಿಗೆ ಬೆರಳ ತುದಿ ಕತ್ತರಿಸಿಕೊಂಡಿದ್ದರು, ಚಿಲ್ಲರೆ ಎಣಿಸಲು. ಒಂದು ಸೋಪು ಮಾರಿದರೂ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎರಡು ವರ್ಷಕ್ಕೆ ಅದು ತಗಡಿನ ಗೂಡಂಗಡಿಯಾಯಿತು. ನಾನು 1993ರಲ್ಲಿ ಊರಿಗೆ ಹೊರಟಾಗ ಒಳಗೊಂದು ಹೀಟರೂ ಇತ್ತು.

ಇದಕ್ಕೆ ದಾರಿ ಬಿಟ್ಟ ಕಾನೂನು ಬಂದದ್ದು ಕಮ್ಯುನಿಸ್ಟರ ಕೊನೆಗಾಲದಲ್ಲೇ, 1988ರ ಡಿಸೆಂಬರಿನಲ್ಲಿ. ಅದನ್ನು ತಂದ ಮಂತ್ರಿ ವಿಲ್ಚೆಕ್ ಸ್ವತಃ ವ್ಯಾಪಾರ ಮಾಡಿ ಬಲ್ಲವರು. ಕಾನೂನು ಬೇಡ ಅನ್ನದ್ದನ್ನೆಲ್ಲ ಯಾರು ಬೇಕಾದರೂ ಮಾಡಬಹುದು ಅಂತಾಯಿತು. ಸರ್ಕಾರದ ದೊಡ್ಡ ಕಾರ್ಖಾನೆಗಳ ಮಾರಾಟ ವರ್ಷಗಟ್ಟಲೆ ಎಳೆಯಿತು. ಆ ಕಾರ್ಖಾನೆಗಳಲ್ಲಿ ಜನರಿಗೆ ಪಾಲಿನ ಪತ್ರ ಹಂಚಲು ಶುರುವಾದದ್ದೇ 1995ರಲ್ಲಿ. ಅಷ್ಟರಲ್ಲಿ ಬೀದಿಯ ವ್ಯಾಪಾರ ಬೇರು ಬಿಟ್ಟಿತ್ತು.

ಪಕ್ಕದ ಚೆಕೊಸ್ಲೊವಾಕಿಯಾದಲ್ಲಿ ಜನ ಸುಮಾರು 1,000 ಕ್ರೌನ್ ಕಟ್ಟಿ ಸರ್ಕಾರಿ ಕಾರ್ಖಾನೆಗಳ ಷೇರಿಗಾಗಿ ಕೂಪನ್ ಪುಸ್ತಕ ತೆಗೆದುಕೊಂಡರು. ವಿಕ್ಟರ್ ಕೊಜೆನಿ ಅನ್ನುವವನು ಆ ಕೂಪನ್ ತನ್ನ ಫಂಡಿಗೆ ಕೊಟ್ಟರೆ ಹತ್ತು ಪಟ್ಟು ಗ್ಯಾರಂಟಿ ಅಂದ. ಲಕ್ಷಾಂತರ ಜನ ಕೊಟ್ಟರು. ಅವನು ದೇಶ ಬಿಟ್ಟ. 2010ರಲ್ಲಿ ಪ್ರಾಗ್ ಕೋರ್ಟು ಅವನಿಗೆ 10 ವರ್ಷ ಶಿಕ್ಷೆ ಕೊಟ್ಟಾಗಲೂ ಅವನು ಕೈಗೆ ಸಿಕ್ಕಿರಲಿಲ್ಲ. ನಿನ್ನ ಪರಿಚಯದವರು ಅಂಥವರು ಅನ್ನುತ್ತಿಲ್ಲ ಮಗಳೇ. ಆದರೆ ಮಾತು ಅದೇ ಅಲ್ವಾ?

ಇನ್ನೊಂದು. ನಿನ್ನ ಅಂಗಡಿಗೆ ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಹಳ್ಳಿಯ ಕಡೆಯ ವಯಸ್ಸಾದವರು ಬರಬಹುದು. ಪೋಲೆಂಡಿನ ಸರ್ಕಾರಿ ಬೇಸಾಯದ ತೋಟಗಳನ್ನು 1991ರ ಹೊತ್ತಿಗೆ ಮುಚ್ಚತೊಡಗಿದಾಗ ಅಲ್ಲಿನವರಿಗೆ ಕೆಲಸ ಹೋಯಿತು. ಅವರಿಗೆ ಮಂಚ ಹಾಕಿ ಮಾರಲು ಪಟ್ಟಣವೇ ಹತ್ತಿರ ಇರಲಿಲ್ಲ. ಅವರನ್ನು ಸೋಮಾರಿಗಳು ಅಂತ ಯಾರಾದರೂ ಅಂದರೆ ನೀನು ತಲೆಯಾಡಿಸಬೇಡ. ಸಂಬಳ ಒಂದು ದಿನವೂ ತಡ ಮಾಡಬೇಡ.

ಕೆಲಸ ಈಗಲೇ ಬಿಡಬೇಡ. ಶನಿವಾರದ ಸಂತೆಯಲ್ಲಿ ಒಂದೇ ಕಾವಲಿ ಇಟ್ಟು ಶುರು ಮಾಡು. ಆ ಚಳಿಗೆ ಹಿಟ್ಟು ಹುದುಗುತ್ತದಾ, ಎಷ್ಟು ದೋಸೆ ಹೋಗುತ್ತದೆ, ಎಷ್ಟು ಹಿಟ್ಟು ಉಳಿಯುತ್ತದೆ, ಎಲ್ಲ ಬರೆದಿಡು. ಆರು ತಿಂಗಳ ಬಾಡಿಗೆ ಕೈಯಲ್ಲಿದ್ದಾಗ ಮಳಿಗೆ ಹುಡುಕು. ಕರಾರಿಗೆ ಸಹಿ ಹಾಕುವ ಮುಂಚೆ ನನಗೊಮ್ಮೆ ಕಳಿಸು. ನನ್ನ ಪೋಲಿಷ್ ತುಕ್ಕು ಹಿಡಿದಿದೆ, ಆದರೂ ಡಿಕ್ಷನರಿ ಹಿಡಿದು ಸಾಲು ಸಾಲಾಗಿ ಓದುತ್ತೇನೆ.

ದೊಡ್ಡಮ್ಮ ಚಟ್ನಿಪುಡಿ ಕುಟ್ಟಿಸಿದ್ದಾಳೆ, ಬರುವ ವಾರ ಕಳಿಸುತ್ತೇವೆ.

ಇಂತಿ,
ನಿನ್ನ ದೊಡ್ಡಪ್ಪ