ಪುಟ್ಟಿಗೆ, ಲಿವರ್ ಹುರಿಯುವ ವಿಚಾರವಾಗಿ

ತೀರ್ಥಹಳ್ಳಿ
ಭಾನುವಾರ ಸಂಜೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಮಳೆ ಇನ್ನೂ ಹೊಳವು ಕೊಟ್ಟಿಲ್ಲ. ಅಡಿಕೆ ಕೊನೆಗಳಿಗೆ ಎರಡನೇ ಸಲದ ಔಷಧಿ ಹೊಡೆಸುವುದು ಹಾಗೆಯೇ ಉಳಿದಿದೆ. ಮೊನ್ನೆ ಫೋನಿನಲ್ಲಿ ನೀನು ಡಾಕ್ಟರು ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ) ಎಂದದ್ದನ್ನೂ, ರಕ್ತ ಕಡಿಮೆ ಇರುವುದನ್ನೂ, ಇನ್ನು ಮೇಲೆ ಅನ್ನ ಬಿಟ್ಟು ದಿನಾ ಲಿವರ್ ತಿನ್ನುತ್ತೇನೆ ಎಂಬ ನಿರ್ಧಾರವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಲಿವರ್ ತಿನ್ನುವುದು ಸರಿ, ಆದರೆ ದಿನಾ ತಿನ್ನುವುದು ಸರಿಯಲ್ಲ. ಏಕೆಂದು ಬಿಡಿಸಿ ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಪಿಸಿಓಎಸ್ ಇರುವ ಬಹಳಷ್ಟು ಹೆಣ್ಣುಮಕ್ಕಳ ಮೈ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ; ಹೀಗೆ ಏರಿದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನುಗಳನ್ನು ಹೆಚ್ಚಿಸುತ್ತದೆ; ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದಕ್ಕೂ ಗದ್ದದ ಮೇಲೆ ಕೂದಲು ಕಾಣಿಸಿಕೊಳ್ಳುವುದಕ್ಕೂ ಇದು ದೊಡ್ಡ ಕಾರಣ. ತಟ್ಟೆಯಲ್ಲಿ ಪಿಷ್ಟ ಇಳಿದರೆ ಊಟದ ನಂತರ ಏರುವ ಸಕ್ಕರೆಯೂ ಇನ್ಸುಲಿನ್ನೂ ಇಳಿಯುತ್ತವೆ ಎಂಬುದು ನಿಜ. ಹಾಗೆಂದು ಪಿಷ್ಟ ಕಡಿಮೆ ಇರುವ ಊಟವೇ ಉಳಿದೆಲ್ಲಕ್ಕಿಂತ ಮೇಲು ಎಂದು ಯಾರೂ ಸಾಧಿಸಿಲ್ಲ. 2023ರಲ್ಲಿ ಬಂದ ಪಿಸಿಓಎಸ್ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಇಂಥದೇ ಆಹಾರ ಎಂದು ಕಟ್ಟು ಹಾಕದೆ, ಅವರವರಿಗೆ ಒಗ್ಗಿ ನಡೆಸಿಕೊಂಡು ಹೋಗಬಹುದಾದ ಆರೋಗ್ಯಕರ ಊಟವನ್ನೇ ಹೇಳಿದೆ. ಆದ್ದರಿಂದ ಅನ್ನವನ್ನು ಶತ್ರುವಿನಂತೆ ಕಾಣಬೇಡ, ಅಳತೆಗೆ ತಂದುಕೋ ಸಾಕು.

ನಮ್ಮ ಕಡೆ ಮಾಂಸದಡಿಗೆ ಎಂದರೆ ಜೊತೆಗೆ ಕಡುಬು ಇರಲೇಬೇಕು, ಇಲ್ಲವೇ ಅಕ್ಕಿರೊಟ್ಟಿ. ಎಡವುವುದು ಅಲ್ಲಿಯೇ. ನೂರು ಗ್ರಾಂ ಲಿವರಿನಲ್ಲಿ ಪಿಷ್ಟ 2ರಿಂದ 4 ಗ್ರಾಂ ಮಾತ್ರ, ಪ್ರೋಟೀನ್ ಸುಮಾರು 20 ಗ್ರಾಂ. ಒಂದು ಬಟ್ಟಲು ಅನ್ನದಲ್ಲಾದರೆ 40 ಗ್ರಾಂಗೂ ಮೀರಿ ಪಿಷ್ಟವಿರುತ್ತದೆ. ಅಡುಗೆ ಎಷ್ಟೇ ಸರಿಯಾಗಿದ್ದರೂ ನಾಲ್ಕು ಕಡುಬು ಜೊತೆಗೆ ಹೋದರೆ ನೀನು ಅಂದುಕೊಂಡದ್ದು ನಡೆಯುವುದಿಲ್ಲ.

ಇನ್ನು ದಿನಾ ಏಕೆ ಬೇಡವೆಂದರೆ, ನಾನು ಅದನ್ನು ಅನುಭವಿಸಿದವಳು. ಎರಡನೇ ಬಾಣಂತನ ಕಳೆದ ಮೇಲೆ ರಕ್ತ ಕಡಿಮೆಯೆಂದು ಯಾರೋ ಹೇಳಿದ ಮಾತು ಕೇಳಿ ಎರಡು ತಿಂಗಳು ಹೆಚ್ಚುಕಡಿಮೆ ದಿನಾ ಲಿವರ್ ತಿಂದೆ. ತುಟಿ ಒಡೆಯಿತು, ಚರ್ಮ ಒಣಗಿತು, ಬೆಳಗಿನಿಂದ ತಲೆನೋವು. ವೈದ್ಯರು ಊಟದಲ್ಲಿ ಏನೇನಿದೆ ಎಂದು ಕೇಳಿ ತಿಳಿದು, ವಿಟಮಿನ್ ಎ ಮೈಯಲ್ಲಿ ಹೆಚ್ಚಾಗಿದೆ ಎಂದು ಹೇಳಿ ನಿಲ್ಲಿಸಿದರು. ನೂರು ಗ್ರಾಂ ಕುರಿ ಲಿವರಿನಲ್ಲಿ ಆ ವಿಟಮಿನ್ 7000 ಮೈಕ್ರೋಗ್ರಾಂ ದಾಟಿರುತ್ತದೆ. ದೊಡ್ಡವರಿಗೆ ದಿನಕ್ಕೆ 3000 ಎಂಬುದು ಮೇಲಿನ ಮಿತಿ, ಮೈ ಅದನ್ನು ಕೂಡಿಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆ ಎಂಬತ್ತು ಗ್ರಾಂನಷ್ಟು ತಿಂದರೆ ಸಾಕು. ಕಬ್ಬಿಣ, ಫೋಲೇಟ್, ಸತು, ಸೆಲೆನಿಯಂ ಎಲ್ಲವೂ ಅದರಲ್ಲಿವೆ. ನೀನು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡರೆ ಮೈಯಲ್ಲಿ ಇಳಿಯಬಹುದಾದ ವಿಟಮಿನ್ ಬಿ12 ಅಂತೂ ಧಾರಾಳವಾಗಿದೆ. ಕಬ್ಬಿಣ ಮತ್ತು ಸೆಲೆನಿಯಂ ಇಲ್ಲದಿದ್ದರೆ ಥೈರಾಯ್ಡ್ ಕೆಲಸವೂ ಕುಂಟುತ್ತದೆ.

ಈಗ ಅಡುಗೆ. ಭಾನುವಾರ ಬೆಳಿಗ್ಗೆಯೇ ಹೋಗಿ, ಆ ದಿನ ಕಡಿದದ್ದರಲ್ಲಿ ಕಾಲು ಕೆಜಿ ಮರಿಯ ಲಿವರ್ ತೆಗೆದುಕೋ. ಅದು ನಿನಗೂ ನಿನ್ನ ಇಬ್ಬರು ಗೆಳತಿಯರಿಗೂ ಸಾಕು. ಅಜ್ಜಿ ಅದನ್ನು ಈಲಿ ಎನ್ನುತ್ತಿದ್ದರು, ಕೈಯಲ್ಲಿ ಹಿಡಿದು ನೋಡದೆ ಮನೆಯೊಳಗೆ ತರುತ್ತಿರಲಿಲ್ಲ. ಬಣ್ಣ ಕಂದುಗೆಂಪಾಗಿ ಹೊಳೆಯಬೇಕು, ಬೆರಳಿನಿಂದ ಒತ್ತಿದ ಗುಳಿ ತಾನಾಗಿ ಮೇಲೇಳಬೇಕು. ನೀರುಗುಳ್ಳೆಯೋ ಬಿಳಿ ಗಂಟೋ ಕಂಡರೆ ಅದನ್ನು ಮುಟ್ಟಬೇಡ. ಪಿತ್ತಕೋಶ ಒಡೆದು ಹಸಿರು ಕಲೆ ತಗುಲಿದ್ದರೆ ಅಷ್ಟನ್ನು ಕತ್ತರಿಸಿ ಎಸೆ, ಇಲ್ಲದಿದ್ದರೆ ಇಡೀ ಬಾಣಲೆ ಕಹಿಯಾಗುತ್ತದೆ. ಮೇಲಿನ ಪೊರೆಯನ್ನು ಅಂಚಿನಲ್ಲಿ ಉಗುರಿನಿಂದ ಎತ್ತಿದರೆ ಈರುಳ್ಳಿಯ ಒಳಪೊರೆಯ ಹಾಗೆ ಸುಲಿದು ಬರುತ್ತದೆ. ಒಳಗಿನ ಬಿಳಿ ನಾಳಗಳನ್ನೂ ತೆಗೆದು ಅರ್ಧ ಇಂಚಿನ ತುಂಡು ಮಾಡು.

ತುಂಡುಗಳನ್ನು ತೆಳು ಮಜ್ಜಿಗೆಯಲ್ಲಿ ಅರ್ಧ ಗಂಟೆ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ನೀರು ಆರಿಸು. ನೀರಿದ್ದರೆ ಅದು ಹುರಿಯುವುದಿಲ್ಲ, ಬೇಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ, ಒಂದು ಈರುಳ್ಳಿ, ಜಜ್ಜಿದ ಶುಂಠಿ, ಆರು ಎಸಳು ಬೆಳ್ಳುಳ್ಳಿ, ಕರಿಬೇವನ್ನು ಬಾಡಿಸಿ ಬದಿಗೆ ತೆಗೆದಿಡು. ಬಾಣಲೆ ಚೆನ್ನಾಗಿ ಕಾದ ಮೇಲೆ ತುಂಡುಗಳನ್ನು ಒಂದೇ ಪದರವಾಗಿ ಹರಡಿ, ಒಂದು ನಿಮಿಷ ಸೌಟು ಆಡಿಸದೆ ಬಿಡು. ತಳ ಕಂದಾದ ಮೇಲೆ ಮಗುಚು. ಒಟ್ಟು ನಾಲ್ಕೈದು ನಿಮಿಷ ಸಾಕು. ಒಂದು ತುಂಡನ್ನು ಬಿಡಿಸಿ ನೋಡು, ಒಳಗೆ ಹಸಿ ರಕ್ತದ ಬಣ್ಣ ಇರಬಾರದು. ಅದು ಹೋದ ಕ್ಷಣ ಉರಿ ತಗ್ಗಿಸು, ಅದಕ್ಕೂ ಮೀರಿ ಬಿಟ್ಟರೆ ರಬ್ಬರಿನಂತೆ ಗಟ್ಟಿಯಾಗುತ್ತದೆ. ಆಗ ಬಾಡಿಸಿದ್ದನ್ನು ಸೇರಿಸಿ, ಒಂದೂವರೆ ಚಮಚ ತರಿಯಾಗಿ ಕುಟ್ಟಿದ ಕಾಳುಮೆಣಸು, ಅರ್ಧ ಚಮಚ ಜೀರಿಗೆ ಪುಡಿ, ಚಿಟಿಕೆ ಅರಿಸಿನ, ಎರಡು ಚಮಚ ಕಾಯಿತುರಿ ಹಾಕು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಟ್ಟು ಬಿಗಿಯುತ್ತದೆ. ಗಟ್ಟಿ ಬರಲೆಂದು ಅಕ್ಕಿಹಿಟ್ಟನ್ನಾಗಲಿ ಹುರಿಗಡಲೆಯನ್ನಾಗಲಿ ರುಬ್ಬಿ ಹಾಕಬೇಡ. ಇಳಿಸಿ ನಿಂಬೆ ಹಿಂಡು.

ಜೊತೆಗೆ ಹರಿವೆ ಸೊಪ್ಪಿನ ಪಲ್ಯವನ್ನೋ ಎಲೆಕೋಸಿನ ಪಲ್ಯವನ್ನೋ ತಟ್ಟೆಯ ಅರ್ಧದಷ್ಟು ಬಡಿಸಿಕೋ, ಸೌತೆಕಾಯಿ ಹೆಚ್ಚಿಕೋ. ಕಡುಬು ಬೇಕೆನಿಸಿದರೆ ಒಂದು ಇರಲಿ, ನಿನ್ನ ಬಾಯಿ ಕಟ್ಟಲು ನನಗೆ ಮನಸ್ಸಿಲ್ಲ. ಊಟವಾದ ಒಂದು ಗಂಟೆ ಚಹಾ ಕುಡಿಯಬೇಡ, ಕಬ್ಬಿಣ ಮೈಗೆ ಹತ್ತಲು ಅದು ಅಡ್ಡಿ.

ಡಾಕ್ಟರು ಕೊಟ್ಟ ಮಾತ್ರೆಗಳನ್ನು ಈ ಅಡುಗೆಯ ಧೈರ್ಯದಲ್ಲಿ ನಿಲ್ಲಿಸಬಾರದು, ಅನ್ನ ಇಳಿಸುತ್ತಿರುವುದನ್ನು ಅವರಿಗೆ ಹೇಳಿರಬೇಕು. ಮುಂದೆ ಮದುವೆಯಾಗಿ ಬಸಿರಿನ ಯೋಚನೆ ಬಂದ ದಿನವೇ ಲಿವರ್ ಪೂರ್ತಿ ನಿಲ್ಲಿಸು. ಹೆಚ್ಚಿನ ವಿಟಮಿನ್ ಎ ಹೊಟ್ಟೆಯ ಮಗುವಿಗೆ ಕೆಡುಕು. ನಿನ್ನ ಅಪ್ಪನಿಗೆ ಯೂರಿಕ್ ಆಮ್ಲದ ಕಾಲುನೋವು ಇರುವುದರಿಂದ ಊರಿಗೆ ಬಂದಾಗ ಅವನಿಗೆ ಇದನ್ನು ಬಡಿಸಬೇಡ.

ನಾಳೆ ರಾತ್ರಿಯ ಬಸ್ಸಿಗೆ ಒಂದು ಚೀಲ ಕೊಟ್ಟು ಕಳುಹಿಸುತ್ತೇನೆ. ಅದರಲ್ಲಿ ನಮ್ಮ ತೋಟದ ಕಾಳುಮೆಣಸು ಅರ್ಧ ಸೇರು ಇದೆ, ಅಜ್ಜಿಯ ಕಬ್ಬಿಣದ ಬಾಣಲೆಯೂ ಇದೆ. ಬಾಣಲೆ ತೊಳೆದ ಕೂಡಲೆ ಒರೆಸಿ ಎಣ್ಣೆ ಸವರಿಡು. ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಷ್ಟು ಬಂತೆಂದು ನನಗೆ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ